ದಂಪತಿಗಳ ಕಡಲ ಪ್ರವಾಸ: ಗುಡೇಕೋಟೆಯಿಂದ ಕಾರವಾರಕ್ಕೆ



ಈ ದಿನ ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯವು ಮೇಲುನೋಟಕ್ಕೆ ಬಹು ಸಾಮಾನ್ಯವಾದುದು. ಗಂಡ ಹೆಂಡಿರಿಬ್ಬರು ನಾಲ್ಕಾರು ದಿನದ ಬಿಡುವು ಮಾಡಿಕೊಂಡು ಸಮುದ್ರತೀರದ ಒಂದು ಪಟ್ಟಣವನ್ನು ನೋಡಿಬರಬೇಕೆಂದು ಮನಸ್ಸು ಮಾಡಿದರೆ ಅದಕ್ಕೆ ಏರ್ಪಾಡುಗಳನ್ನು ಹೇಗೆ ಮಾಡಿಕೊಳ್ಳಬೇಕು ಎಂಬುದೇ ಆ ವಿಷಯ. ಇದಕ್ಕೂ ಒಂದು ಭಾಷಣ ಬೇಕೇ ಎಂದು ತಮ್ಮಲ್ಲಿ ಕೆಲವರಿಗೆ ನಗು ಬಂದರೂ ಬರಬಹುದು. ಆದರೆ ಒಂದು ಸಂಸಾರದಲ್ಲಿ ಯಾರ ಆಸೆಗೆ ಎಷ್ಟು ಬೆಲೆಯುಂಟೆಂಬುದು ಇಂತಹ ಸಣ್ಣ ಏರ್ಪಾಡುಗಳಲ್ಲಿಯೇ ಹೊರಬೀಳುವುದು. ದೊಡ್ಡ ಮಾತುಗಳಲ್ಲಿ ಅದನ್ನು ಮರೆಸುವುದು ಸುಲಭ. ಆದಕಾರಣ ಈ ವಿಷಯವನ್ನು ತುಸು ಗಂಭೀರವಾಗಿಯೇ ವಿಚಾರಿಸುವುದರಲ್ಲಿ ತಪ್ಪಿಲ್ಲವೆಂದು ತೋರುತ್ತದೆ.

ಪ್ರವಾಸದ ವಿಷಯವನ್ನು ಗಾಳಿಯಲ್ಲಿ ಮಾತನಾಡಲಾಗುವುದಿಲ್ಲ. ಹೊರಡುವ ಊರು ಒಂದು, ಸೇರುವ ಊರು ಒಂದು ಬೇಕು. ಹೊರಡುವ ಊರನ್ನು ಗುಡೇಕೋಟೆ ಎಂದಿಟ್ಟುಕೊಳ್ಳೋಣ. ನಗರವಾಸಿಗಳಾದ ತಮ್ಮಲ್ಲಿ ಅನೇಕರು ಈ ಹೆಸರನ್ನು ಕೇಳಿರಲಾರಿರಿ. ಇದು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ ಊರು. 2021ರಿಂದ ಈಚೆಗೆ ವಿಜಯನಗರ ಜಿಲ್ಲೆಗೆ ಒಳಪಟ್ಟಿದೆ. ಹಿಂದೆ ಪಾಳೆಯಗಾರರಿದ್ದ ಸ್ಥಳ. ಬಂಡೆಯ ಮೇಲೆ ಬಂಡೆಯನ್ನು ಯಾರೋ ಆಟಕ್ಕೆ ಪೇರಿಸಿದಂತಿರುವ ಗುಡ್ಡಗಳು, ಅವುಗಳ ಮೇಲೆ ಕೋಟೆ, ಗವಿಗಳಲ್ಲಿ ಕರಡಿ. ಆ ಕರಡಿಗಳ ರಕ್ಷಣೆಗಾಗಿಯೇ 2013ರಲ್ಲಿ ಅಲ್ಲಿ ಒಂದು ಅಭಯಾರಣ್ಯವನ್ನು ಏರ್ಪಡಿಸಲಾಯಿತು. ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನು ತಮ್ಮೂರಿನ ಮಗಳೆಂದು ಆ ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುವರು. ಮಳೆ ಕಡಮೆ; ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಜೋಳ, ಶೇಂಗಾ, ಸಜ್ಜೆ ಬೆಳೆಯುವ ನೆಲ. ಅಲ್ಲಿಯ ಜನಕ್ಕೆ ದೊಡ್ಡ ನೀರು ಎಂದರೆ ಹೊಸಪೇಟೆಯ ತುಂಗಭದ್ರಾ ಜಲಾಶಯವೇ.

ಸೇರುವ ಊರು ಕಾರವಾರವಾಗಿರಲಿ. ಉತ್ತರ ಕನ್ನಡ ಜಿಲ್ಲೆಯ ಮುಖ್ಯಪಟ್ಟಣವಾದ ಇದು ಕಾಳೀನದಿಯು ಸಮುದ್ರವನ್ನು ಸೇರುವ ಸ್ಥಳದಲ್ಲಿದೆ. ಇಲ್ಲಿ ಬೆಟ್ಟ, ಹೊಳೆ, ಕಡಲು, ದ್ವೀಪ ಈ ನಾಲ್ಕೂ ಒಂದೇ ನೋಟಕ್ಕೆ ಸಿಕ್ಕುವುವು. ಗುಡೇಕೋಟೆಗೂ ಇದಕ್ಕೂ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರುಗಳ ಅಂತರ. ದೂರವು ಇಷ್ಟೇ ಆದರೂ 1953ಕ್ಕೆ ಮುಂಚೆ ಈ ಎರಡೂ ಊರುಗಳು ಎರಡು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದುವು. ಬಳ್ಳಾರಿ ಜಿಲ್ಲೆಯೊಳಗಿದ್ದ ಗುಡೇಕೋಟೆಯು ಮದರಾಸಿನದು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ಕಾರವಾರವು ಮುಂಬಯಿಯದು. ಗುಡೇಕೋಟೆಗೆ ನೆರೆಯದಾದ ಮೊಳಕಾಲ್ಮೂರು ಮೈಸೂರಿನದು. ಕನ್ನಡಿಗರು ಕನ್ನಡಿಗರ ಕಡಲನ್ನು ನೋಡಲು ಪ್ರಾಂತವನ್ನೇ ದಾಟಬೇಕಾಗಿದ್ದಿತು. 1956ರ ನವೆಂಬರ್ 1ರಂದು ಈ ಗಡಿಗಳು ಅಳಿಸಿಹೋದುವು. ಇಂದು ಕೂಡ್ಲಿಗಿಯ ಬಸ್ಸು ನಿಲ್ದಾಣದಲ್ಲಿ ನಿಂತವನಿಗೆ ಕಾರವಾರವು ತನ್ನ ನಾಡಿನದೇ ಒಂದು ಊರು. ಈ ಸೌಲಭ್ಯವನ್ನು ನಾವು ಎಷ್ಟರ ಮಟ್ಟಿಗೆ ಉಪಯೋಗಿಸಿಕೊಂಡಿದ್ದೇವೆ ಎಂಬುದು ಬೇರೆಯ ಮಾತು.

ಇನ್ನು ಪ್ರಯಾಣಿಕರು. ಗುಡೇಕೋಟೆಯಲ್ಲಿ ಒಬ್ಬ ಉಪಾಧ್ಯಾಯರು, ಅವರ ಹೆಂಡತಿ ಎಂದು ಊಹಿಸಿಕೊಳ್ಳೋಣ. ಮದುವೆಯಾಗಿ ಹದಿನೆಂಟು ವರ್ಷಗಳಾಗಿವೆ. ಮಕ್ಕಳು ತಕ್ಕಮಟ್ಟಿಗೆ ದೊಡ್ಡವರಾಗಿ ಅಜ್ಜಿಯ ಬಳಿ ನಾಲ್ಕು ದಿನ ಇರಬಲ್ಲರು. ಉಪಾಧ್ಯಾಯರು ತರಬೇತಿಗೆಂದೂ ಶಾಲೆಯ ಪ್ರವಾಸಕ್ಕೆಂದೂ ಎರಡು ಮೂರು ಬಾರಿ ಕಡಲನ್ನು ಕಂಡವರು. ಆಕೆ ಕಂಡಿಲ್ಲ. ಹಾಗೆಂದು ಆಕೆ ಊರನ್ನು ಬಿಟ್ಟೇ ಇಲ್ಲವೆಂದು ಭಾವಿಸಬಾರದು. ತವರುಮನೆಗೆ ಹೋಗಿದ್ದಾಳೆ, ಕೊಟ್ಟೂರಿನ ತೇರಿಗೆ ಹೋಗಿದ್ದಾಳೆ, ಮೈಲಾರದ ಕಾರಣಿಕವನ್ನು ಕೇಳಿದ್ದಾಳೆ, ಉಜ್ಜಿನಿಯ ಜಾತ್ರೆಯನ್ನು ನೋಡಿದ್ದಾಳೆ. ಆದರೆ ಆ ಪ್ರಯಾಣಗಳಲ್ಲೆಲ್ಲ ಆಕೆ ಬುತ್ತಿ ಕಟ್ಟುವವಳು, ಮಕ್ಕಳನ್ನು ಹಿಡಿಯುವವಳು, ಹರಕೆ ಒಪ್ಪಿಸುವವಳು. ತನಗೆ ನೋಡಬೇಕೆನಿಸಿದ್ದನ್ನು ನೋಡುವುದಕ್ಕಾಗಿಯೇ ಹೋದದ್ದು ಒಂದೂ ಇಲ್ಲ. ನಮ್ಮ ದೇಶದ ಲಕ್ಷಾಂತರ ಗೃಹಿಣಿಯರ ಮಾತೂ ಇದೇ. ಹೆಣ್ಣುಮಕ್ಕಳ ಪ್ರಯಾಣಕ್ಕೆ ಯಾವಾಗಲೂ ಒಂದು ಕಾರಣ ಬೇಕು: ಬಾಣಂತನ, ಮದುವೆ, ಸಾವು, ದೇವರು. ಕಾರಣವಿಲ್ಲದೆ, ಸಂತೋಷಕ್ಕೆಂದೇ ಹೊರಡುವ ಹಕ್ಕು ಗಂಡಸರಿಗೆ ಉಂಟೆಂದು ನಾವು ಒಪ್ಪಿದ್ದೇವೆ. ಹೆಂಗಸರಿಗೆ ಅದನ್ನು ಇನ್ನೂ ಮನಸಾರ ಒಪ್ಪಿಲ್ಲ.

ಒಂದು ಸಂಜೆ ಆಕೆ ಕೇಳುತ್ತಾಳೆಂದು ಇಟ್ಟುಕೊಳ್ಳಿ: “ಏನ್ರೀ, ಆ ಸಮುದ್ರ ನಮ್ಮ ಡ್ಯಾಮಿಗಿಂತ ದೊಡ್ಡದೈತೇನ್ರೀ?” ಅವರು ಹೇಳುತ್ತಾರೆ: “ಅದಕ್ಕ ಆಚಿ ದಡಾನ ಕಾಣಂಗಿಲ್ಲ.” ಈ ಎರಡು ಮಾತುಗಳ ನಡುವೆ ಒಂದು ಪ್ರವಾಸವು ಹುಟ್ಟಿಕೊಳ್ಳಬಹುದು, ಅಥವಾ ‘ನೋಡೋಣ, ಬೇಸಿಗೆಗೆ’ ಎಂಬ ಮೂರನೆಯ ಮಾತಿನಿಂದ ಅದು ಅಲ್ಲಿಯೇ ಮುಗಿದೂ ಹೋಗಬಹುದು. ಮುಗಿಯಬಾರದೆಂದರೆ ಕೂಡಲೆ ಮಾಡಬೇಕಾದ ಕೆಲಸ ಒಂದುಂಟು: ತಿಂಗಳನ್ನೂ ತಾರೀಖನ್ನೂ ಗೊತ್ತುಮಾಡುವುದು. ತಾರೀಖು ಬೀಳದ ಪ್ರವಾಸವು ಬರಿಯ ಮನೋರಾಜ್ಯ.

ತಾರೀಖನ್ನು ಗೊತ್ತುಮಾಡುವಾಗ ಎರಡು ಸೀಮೆಗಳ ಪಂಚಾಂಗವನ್ನೂ ನೋಡಬೇಕು. ಗುಡೇಕೋಟೆಯ ಕಡೆ ಮುಂಗಾರಿನ ಶೇಂಗಾ ಕಿತ್ತು ಮುಗಿಯುವವರೆಗೆ ಯಾರಿಗೂ ಬಿಡುವಿಲ್ಲ. ಕಾರವಾರದ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲ. ವರ್ಷದ ಮಳೆ ಸುಮಾರು 3000 ಮಿಲಿಮೀಟರು, ಎಂದರೆ ಕೂಡ್ಲಿಗಿಯ ಐದು ವರ್ಷದ ಮಳೆಯು ಅಲ್ಲಿ ಒಂದೇ ವರ್ಷದಲ್ಲಿ ಬೀಳುವುದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನುಗಾರಿಕೆಗೆ ಹೋಗಕೂಡದೆಂದು ಸರ್ಕಾರದ ನಿಷೇಧವಿದೆ. ಸಮುದ್ರದ ಮಕ್ಕಳೇ ದಡದಲ್ಲಿ ಕುಳಿತಿರುವಾಗ ಬಯಲುಸೀಮೆಯವರಿಗೆ ಅಲ್ಲಿ ಕೆಲಸವೇನು? ಮಳೆಗಾಲದ ಘಟ್ಟವು ಕಣ್ಣಿಗೆ ಸೊಗಸಾದರೂ ಪ್ರಾಣಕ್ಕೆ ಒಳ್ಳೆಯದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವು ಕುಸಿದು, ರಸ್ತೆಯಲ್ಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿಯ ನೀರಿಗೆ ತಳ್ಳಿದ ದುರಂತವು ತಮ್ಮ ನೆನಪಿನಲ್ಲಿರಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗೆ ರಜೆಯೇನೋ ಉಂಟು, ಅಂಕೋಲೆಯ ಕರಿ ಇಶಾಡು ಮಾವು ಉಂಟು. ಆದರೆ ಆಗಿನ ಸೆಕೆ ಒಣಸೀಮೆಯವರಿಗೆ ಹೊಸದು. ನಮ್ಮ ಕಡೆಯ ಬಿಸಿಲು ಸುಡುವುದು. ಅಲ್ಲಿಯ ಸೆಕೆ ಬೇಯಿಸುವುದು. ಆದ್ದರಿಂದ ನವೆಂಬರಿನ ಕಡೆಯಿಂದ ಫೆಬ್ರವರಿಯ ಮೊದಲವರೆಗಿನ ಕಾಲವೇ ಉತ್ತಮ. ಶಾಲೆಯ ರಜೆಯೇ ಬೇಕೆಂದರೆ ದಸರೆಯ ರಜೆಯ ಕೊನೆಯ ದಿನಗಳು. ಆಗ ಒಂದೆರಡು ಮಳೆ ಬಂದರೂ ಬರಬಹುದು, ಆದರೆ ಕಾಡು ಹಸುರಾಗಿಯೂ ಜಲಪಾತಗಳು ತುಂಬಿಯೂ ಇರುವುವು.

ಎರಡನೆಯ ವಿಚಾರ ದಾರಿಯದು. ಕೂಡ್ಲಿಗಿಯಿಂದ ಹೊಸಪೇಟೆ, ಅಲ್ಲಿಂದ ಕೊಪ್ಪಳ, ಗದಗುಗಳ ಮೇಲೆ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕಾರವಾರ: ಇದು ರಸ್ತೆ. ಈ ರಸ್ತೆಗೆ ಒಂದು ಚರಿತ್ರೆಯುಂಟು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧವು ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಧಾರವಾಡದ ಸೀಮೆಯ ಹತ್ತಿಗೆ ಬೆಲೆ ಬಂದಿತು. ಅದು ಘಟ್ಟವನ್ನಿಳಿದು ಕುಮಟೆ ಕಾರವಾರಗಳ ಬಂದರುಗಳನ್ನು ಸೇರಿತು. ಘಟ್ಟದ ಮಾರ್ಗಗಳೂ ಕಾರವಾರದ ಬಂದರೂ ಆ ಕಾಲದಲ್ಲಿ ಸರ್ಕಾರದ ಗಮನವನ್ನು ಸೆಳೆದುವು. ನೂರೈವತ್ತು ವರ್ಷಗಳ ತರುವಾಯ ಇದೇ ದಾರಿಯಲ್ಲಿ ಸಂಡೂರು ಹೊಸಪೇಟೆಗಳ ಕಬ್ಬಿಣದ ಅದಿರು ಲಾರಿ ಲಾರಿಗಳಾಗಿ ಬೇಲೆಕೇರಿಯ ಬಂದರಿಗೆ ಇಳಿಯಿತು. ಅಕ್ರಮವಾಗಿ ಸಾಗಿದುದೆಷ್ಟು, ಜಪ್ತಿಯಾದ ಮೇಲೂ ಮಾಯವಾದುದೆಷ್ಟು ಎಂಬ ಪ್ರಶ್ನೆಗಳು 2010ರಲ್ಲಿ ಎದ್ದು, 2011ರ ಲೋಕಾಯುಕ್ತರ ವರದಿಯು ಇಡೀ ನಾಡನ್ನೇ ಅಲುಗಿಸಿತು. ನಮ್ಮ ಉಪಾಧ್ಯಾಯರ ಹೆಂಡತಿಗಿಂತ ಮೊದಲು ಆಕೆಯ ಸೀಮೆಯ ಕೆಂಪು ಮಣ್ಣು ಸಮುದ್ರವನ್ನು ಕಂಡಿತು ಎಂದರೆ ಅತಿಶಯೋಕ್ತಿಯಲ್ಲ. ಮಣ್ಣಿಗೆ ಬೇಗ ದೊರೆತ ದಾರಿಯು ಮನುಷ್ಯರಿಗೂ ದೊರೆಯಬೇಕಷ್ಟೆ.

ರೈಲಿನಲ್ಲಿಯೇ ಹೋಗಬೇಕೆಂಬ ಆಸೆಯಿದ್ದರೆ ಹೊಸಪೇಟೆಯಿಂದ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ದೂಧಸಾಗರದ ಜಲಪಾತದ ಎದುರಿನಲ್ಲಿಯೇ ಘಟ್ಟವನ್ನಿಳಿದು ಮಡಗಾಂವನ್ನು ಸೇರಿ, ಅಲ್ಲಿ ಗಾಡಿ ಬದಲಾಯಿಸಿ ಕೊಂಕಣ ರೈಲ್ವೆಯಲ್ಲಿ ತೆಂಕಣಕ್ಕೆ ಬಂದರೆ ಕಾರವಾರ. ಕೊಂಕಣ ರೈಲ್ವೆಯು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಕಾರವಾರದ ನಿಲ್ದಾಣವು ಊರ ಹೊರಗೆ ಶಿರವಾಡದಲ್ಲಿದೆ. ಇಳಿದೊಡನೆ ಅಲೆಗಳು ಕಾಣುವುವೆಂದು ತಿಳಿದು ನಿರಾಶರಾಗಬಾರದು. ಹುಬ್ಬಳ್ಳಿಯಿಂದ ಅಂಕೋಲೆಗೆ ನೇರವಾದ ರೈಲು ಹಾದಿ ಬೇಕೆಂಬ ಕೂಗು ಬಹುಕಾಲದ್ದು. 1997–98ರಲ್ಲಿ ಅದು ಮಂಜೂರಾಯಿತು. ಆದರೆ ಕಾಡಿನ ಪ್ರಶ್ನೆಯು ಅಡ್ಡಬಂದು ಹಳಿಗಳು ಇನ್ನೂ ಘಟ್ಟವನ್ನಿಳಿದಿಲ್ಲ. ಮರಗಳನ್ನು ಉಳಿಸಬೇಕೆಂಬುವರ ಮಾತಿನಲ್ಲಿಯೂ ನ್ಯಾಯವಿದೆ, ಬಯಲುಸೀಮೆಗೆ ಬಂದರು ಬೇಕೆಂಬುವರ ಮಾತಿನಲ್ಲಿಯೂ ನ್ಯಾಯವಿದೆ. ನಮ್ಮ ದಂಪತಿಗಳು ಆ ವ್ಯಾಜ್ಯವು ತೀರುವವರೆಗೆ ಕಾಯಲಾರರು.

ಖರ್ಚಿನ ಮಾತು. ಈ ವಿಷಯದಲ್ಲಿ ಒಂದು ಹೊಸ ಸಂಗತಿಯನ್ನು ಹೇಳಬೇಕು. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣದ ಶುಲ್ಕವಿಲ್ಲ. ಹಿಂದೆ ಪ್ರವಾಸದ ಮಾತೆತ್ತಿದರೆ, ಇಬ್ಬರ ಖರ್ಚಾಗುವುದೆಂದು ಲೆಕ್ಕ ಹಾಕಿ ಹೆಂಡತಿಯನ್ನು ಮನೆಯಲ್ಲಿ ಬಿಡುತ್ತಿದ್ದ ಯಜಮಾನರುಂಟು. ಈಗ ಆ ಲೆಕ್ಕವು ತಲೆಕೆಳಗಾಗಿದೆ. ಖರ್ಚನ್ನು ಉಳಿಸಬೇಕೆಂದರೆ ಯಜಮಾನರನ್ನೇ ಮನೆಯಲ್ಲಿ ಬಿಟ್ಟು ಹೋಗಬೇಕಾಗುವುದು! ಹಾಸ್ಯವು ಹಾಗಿರಲಿ. ಮಲಗುವ ಬಸ್ಸಿಗೂ ಹವಾನಿಯಂತ್ರಿತ ಬಸ್ಸಿಗೂ ಈ ರಿಯಾಯಿತಿ ಇಲ್ಲವೆಂಬುದನ್ನು ನೆನಪಿಡಬೇಕು. ಉಳಿದ ಹಣವನ್ನು ವಸತಿಗೆ ತುಸು ಹೆಚ್ಚಾಗಿ ಖರ್ಚುಮಾಡುವುದು ಜಾಣತನ. ಶುಚಿಯಾದ ಸ್ನಾನದ ಮನೆ, ಭದ್ರವಾದ ಬಾಗಿಲು, ಸಾಧ್ಯವಾದರೆ ಕಡಲ ಕಡೆಗೆ ಒಂದು ಕಿಟಕಿ, ಇವಿಷ್ಟಕ್ಕೆ ಜಿಪುಣತನ ಮಾಡಬಾರದು. ಗಂಡಸು ಎಲ್ಲಿಯಾದರೂ ಮುಖ ತೊಳೆದುಕೊಂಡು ಹೊರಟುಬಿಡುವನು; ಹೆಂಗಸಿನ ಅನುಕೂಲವನ್ನು ಮೊದಲೇ ವಿಚಾರಿಸಬೇಕು. ಹಣದ ಚೀಲವು ಆಕೆಯ ಕೈಯಲ್ಲಿಯೇ ಇರಲಿ ಎಂಬುದು ನನ್ನ ಸಲಹೆ. ವರ್ಷವೆಲ್ಲ ಕೊರತೆಯಲ್ಲಿ ಮನೆಯನ್ನು ತೂಗಿಸಿದವಳಿಗೆ ಐದು ದಿನದ ಲೆಕ್ಕವು ಹೊರೆಯಾಗದು. ಚಿಪ್ಪಿನ ಸರವನ್ನು ಕೊಳ್ಳಬೇಕೆನಿಸಿದಾಗ ಗಂಡನ ಮುಖವನ್ನು ನೋಡಬೇಕಾದ ಪರಾಧೀನತೆಯೂ ತಪ್ಪುವುದು.

ಈಗ ದಿನಚರಿ. ಐದು ದಿನಗಳಿವೆಯೆಂದು ಭಾವಿಸೋಣ. ಮೊದಲನೆಯ ದಿನ ಬೆಳಗ್ಗೆ ಗುಡೇಕೋಟೆಯನ್ನು ಬಿಟ್ಟು ಸಂಜೆಗೆ ಹುಬ್ಬಳ್ಳಿ. ನಾಲ್ಕು ನೂರು ಕಿಲೋಮೀಟರುಗಳನ್ನು ಒಂದೇ ಉಸುರಿಗೆ ಮುಗಿಸಿ, ಮೈ ನೊಂದು, ಸಮುದ್ರದ ಎದುರಿಗೆ ತೂಕಡಿಸುವವರನ್ನು ಕಂಡಿದ್ದೇವೆ. ಎರಡನೆಯ ದಿನ ಬೆಳಗಿನ ಬಸ್ಸು. ಘಟ್ಟವನ್ನು ಹಗಲಿನಲ್ಲಿಯೇ ಇಳಿಯಬೇಕು. ಅದು ಸುರಕ್ಷತೆಗೂ ಹೌದು, ನೋಟಕ್ಕೂ ಹೌದು. ಕಲಘಟಗಿಯನ್ನು ದಾಟಿದ ಮೇಲೆ ಹೊಲಗಳು ಹಿಂದಾಗಿ ಕಾಡು ಎದುರಾಗುವುದು; ಯಲ್ಲಾಪುರದ ಮುಂದೆ ಅಡಕೆಯ ತೋಟಗಳು; ಅರಬೈಲಿನ ತಿರುವುಗಳಲ್ಲಿ ಗಾಳಿಯೇ ಬೇರೆಯಾಗುವುದು. ಬರಡು ಗುಡ್ಡಗಳ ನಡುವೆ ಹುಟ್ಟಿ ಬೆಳೆದ ಕಣ್ಣಿಗೆ ಈ ಮೂರು ಗಂಟೆಯ ದಾರಿಯೇ ಒಂದು ದೊಡ್ಡ ಪ್ರದರ್ಶನ. ಅದನ್ನು ರಾತ್ರಿಯ ಬಸ್ಸಿನ ನಿದ್ದೆಗೆ ಒಪ್ಪಿಸಿಬಿಡುವುದು ಅನ್ಯಾಯ.

ಕಾರವಾರವನ್ನು ಮಧ್ಯಾಹ್ನ ಮೂರು ನಾಲ್ಕು ಗಂಟೆಯೊಳಗೆ ಸೇರಿದರೆ ಸ್ನಾನ ಮಾಡಿ, ಚಹಾ ಕುಡಿದು, ಸೂರ್ಯಾಸ್ತಕ್ಕೆ ಮುಂಚೆ ತೀರಕ್ಕೆ ಹೋಗಬಹುದು. ಸಮುದ್ರವನ್ನು ಮೊದಲ ಬಾರಿಗೆ ನೋಡುವವರಿಗೆ ಇದೇ ಸರಿಯಾದ ಹೊತ್ತು. ಪಡುವಣ ಕರಾವಳಿಯಲ್ಲಿ ಸೂರ್ಯನು ನೀರಿನೊಳಕ್ಕೆ ಇಳಿಯುವನು. ಕಾರವಾರದಲ್ಲಿ ದ್ವೀಪಗಳ ಸಾಲು ಆ ಬೆಳಕಿಗೆ ಕಪ್ಪಾಗಿ ನಿಲ್ಲುವುದು. ಆ ಸಮಯದಲ್ಲಿ ಗಂಡಂದಿರಿಗೆ ಒಂದು ವಿಜ್ಞಾಪನೆ: ದಯವಿಟ್ಟು ವಿವರಣೆಯನ್ನು ಪ್ರಾರಂಭಿಸಬೇಡಿ. ಉಪಾಧ್ಯಾಯರಿಗಂತೂ ಇದು ಕಷ್ಟವೇ ಸರಿ. ಮೊಬೈಲನ್ನೂ ಜೇಬಿನಲ್ಲಿಯೇ ಇಡಿ. ಆಕೆ ಎಷ್ಟು ಹೊತ್ತು ಸುಮ್ಮನೆ ನಿಂತಿರುವಳೋ ಅಷ್ಟು ಹೊತ್ತು ನೀವೂ ಸುಮ್ಮನೆ ನಿಂತರೆ ಪ್ರವಾಸದ ಅರ್ಧ ಫಲವು ಕೈಗೂಡಿದಂತೆ.

ಮೂರನೆಯ ದಿನ ಊರನ್ನು ನೋಡುವುದು. ಈ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರನ್ನಿಟ್ಟಿದ್ದಾರೆ; ಅದಕ್ಕೆ ಕಾರಣವುಂಟು. ಅವರ ಅಣ್ಣಂದಿರಾದ ಸತ್ಯೇಂದ್ರನಾಥರು ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಭಾರತೀಯರಲ್ಲಿ ಮೊದಲಿಗರು. ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡು ವಯಸ್ಸಿನ ರವೀಂದ್ರರು ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ತಮ್ಮ ನಾಟಕವನ್ನು ಬರೆದದ್ದು ಇಲ್ಲಿಯೇ. ಒಂದು ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಕಾಳೀನದಿಯ ಮೇಲುಗಡೆಗೆ ಹೋಗಿ, ದಡದ ರೈತನೊಬ್ಬನ ಮನೆಯ ಅಂಗಳದಲ್ಲಿ ಕುಳಿತು, ಹಿಂದಿರುಗುವಾಗ ನದೀಮುಖದಿಂದ ಮರಳಿನ ಮೇಲೆ ನಡೆದುಕೊಂಡು ಮನೆ ಸೇರಿದ ಸಂಗತಿಯನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಆ ನಾಟಕದ ಸಂನ್ಯಾಸಿಯು ಲೋಕದ ಬಂಧನಗಳನ್ನೆಲ್ಲ ಗೆದ್ದೆನೆಂದುಕೊಂಡಿರುವಾಗ ಒಬ್ಬ ಅನಾಥ ಹುಡುಗಿಯ ಪ್ರೀತಿಯು ಅವನನ್ನು ಮರಳಿ ಲೋಕಕ್ಕೆ ಸೆಳೆಯುವುದು. ಸೀಮೆಯಿಲ್ಲದ ಕಡಲಿನ ಎದುರಿಗೆ ಕುಳಿತು ತರುಣ ಕವಿಯು ಸೀಮಿತವಾದ ಮನೆಯ, ಮನುಷ್ಯರ ಬೆಲೆಯನ್ನು ಕಂಡುಕೊಂಡದ್ದು ವಿಚಾರ ಮಾಡತಕ್ಕ ವಿಷಯ.

ಕಾಳೀನದಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಇಲ್ಲಿ ಕಡಲಾಗುತ್ತದೆ. ಅದರ ಬಡಗಣ ದಡದ ಗುಡ್ಡದ ಮೇಲೆ ಸೋದೆಯ ಅರಸರ ಕಾಲದ ಸದಾಶಿವಗಡವಿದೆ. ಅಲ್ಲಿ ನಿಂತರೆ ಹೊಳೆ, ಸೇತುವೆ, ಸಮುದ್ರ ಮೂರೂ ಕಾಲಕೆಳಗೆ ಕಾಣುವುವು. ಸೇತುವೆಯ ಮಾತು ಬಂದುದರಿಂದ ಹೇಳುತ್ತೇನೆ: ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಗೋವೆಗೂ ಕರ್ನಾಟಕಕ್ಕೂ ಕೊಂಡಿಯಾಗಿದ್ದ ಹಳೆಯ ಸೇತುವೆಯು 2024ರ ಆಗಸ್ಟ್ 7ರ ರಾತ್ರಿ ಕುಸಿದುಬಿದ್ದಿತು, ಅದರ ಮೇಲಿದ್ದ ಲಾರಿಯು ಹೊಳೆಗೆ ಬಿದ್ದರೂ ಚಾಲಕನು ಬದುಕಿ ಉಳಿದನು. ಪಟ್ಟಣದ ತೆಂಕಣಕ್ಕೆ ಅರಗಾ, ಬಿಣಗಾಗಳ ಕಡೆ ನೌಕಾಪಡೆಯ ‘ಕದಂಬ’ ನೆಲೆಯಿದೆ. 2005ರ ಮೇ 31ರಂದು ಇದನ್ನು ಕಾರ್ಯಾರಂಭಗೊಳಿಸಲಾಯಿತು. ಅದಕ್ಕಾಗಿ ಅನೇಕ ಮೀನುಗಾರ ಮತ್ತು ರೈತ ಕುಟುಂಬಗಳು ತಮ್ಮ ನೆಲವನ್ನೂ ದಡವನ್ನೂ ಬಿಟ್ಟು ಹೋಗಬೇಕಾಯಿತು. ಆ ಕಡೆಯ ತೀರಗಳಿಗೆ ಈಗ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಚಿತ್ರ ತೆಗೆಯುವುದೂ ನಿಷಿದ್ಧ. ಯುದ್ಧನೌಕೆಯನ್ನು ನೋಡಬೇಕೆಂಬವರಿಗೆ ಊರ ತೀರದಲ್ಲಿಯೇ ‘ಚಪಲ’ ಎಂಬ ನಿವೃತ್ತ ನೌಕೆಯನ್ನು ನಿಲ್ಲಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ.

ನಾಲ್ಕನೆಯ ದಿನವು ದೋಣಿಯದು. ಇಲ್ಲಿ ಹಾಸ್ಯವನ್ನು ಬದಿಗಿಟ್ಟು ಮಾತನಾಡಬೇಕಾಗಿದೆ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹದೇವರ ಜಾತ್ರೆಯು ಪುಷ್ಯಮಾಸದ ಹುಣ್ಣಿಮೆಗೆ ನಡೆಯುವುದು. 2019ರ ಜನವರಿ 21ರಂದು ಆ ಜಾತ್ರೆಯಿಂದ ಹಿಂದಿರುಗುತ್ತಿದ್ದ, ಮಿತಿಮೀರಿ ಜನ ಹತ್ತಿದ್ದ ಒಂದು ದೋಣಿಯು ಮಗುಚಿ ಹದಿನಾರು ಜನ ಪ್ರಾಣವನ್ನು ಕಳೆದುಕೊಂಡರು. ಅವರಲ್ಲಿ ಘಟ್ಟದ ಮೇಲಿನಿಂದ ಬಂದವರಿದ್ದರು. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದ ಕಡಲಿನಲ್ಲಿ ಮುಳಬಾಗಿಲಿನ ಕಡೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಿಕೆಯರು ಮುಳುಗಿಹೋದರು. ಈ ಎರಡು ದುರಂತಗಳಲ್ಲಿಯೂ ಒಂದು ಸಾಮ್ಯವನ್ನು ಗಮನಿಸಬೇಕು. ಕಡಲು ಯಾರಿಗೆ ಹೊಸದೋ ಅವರಿಗೇ ಅದು ಹೆಚ್ಚಿನ ಅಪಾಯ. ಕೆರೆ ಬಾವಿಗಳ ನೀರು ನಿಂತ ನೀರು. ಅದರ ಆಳವನ್ನು ಕೋಲಿನಿಂದ ಅಳೆಯಬಹುದು. ಕಡಲಿನ ನೀರು ನಡೆಯುವ ನೀರು. ಮೊಣಕಾಲುದ್ದವೆಂದು ನಿಂತಲ್ಲಿಯೇ ಮರಳು ಕಾಲಕೆಳಗಿಂದ ಜಾರುವುದು.

ಆದ್ದರಿಂದ ನಾಲ್ಕು ನಿಯಮಗಳು. ಒಂದು, ತೇಲುವ ಅಂಗಿಯನ್ನು ಕೊಡದ ದೋಣಿಯನ್ನು ಹತ್ತಬಾರದು. ಕೊಟ್ಟ ಅಂಗಿಯನ್ನು ತೊಡೆಯ ಮೇಲಿಟ್ಟುಕೊಳ್ಳದೆ ತೊಟ್ಟುಕೊಳ್ಳಬೇಕು. ಎರಡು, ಜನ ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಕಾಯುವುದರಿಂದ ನಷ್ಟವಾಗುವುದು ಅರ್ಧ ಗಂಟೆ ಮಾತ್ರ. ಮೂರು, ಭರತ ಇಳಿತಗಳ ವೇಳೆಯನ್ನು ಊರಿನವರಿಂದ ಕೇಳಿ ತಿಳಿಯಬೇಕು. ಸಮುದ್ರವು ದಿನಕ್ಕೆ ಎರಡು ಬಾರಿ ಏರುವುದು, ಎರಡು ಬಾರಿ ಇಳಿಯುವುದು. ಆ ವೇಳೆಯು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿನಲ್ಲಿ ಏರಿಳಿತವು ಹೆಚ್ಚು. ನಾಲ್ಕು, ಅಲೆಗಳಲ್ಲಿ ಕಾಲು ತೋಯಿಸಿಕೊಳ್ಳುವಾಗಲೂ ಕಾವಲುಗಾರರಿರುವ ಕಡೆಯೇ ಇಳಿಯಬೇಕು. ಒಳಕ್ಕೆ ಎಳೆಯುವ ಸೆಳವಿಗೆ ಸಿಕ್ಕಿದರೆ ದಡದ ಕಡೆಗೇ ಹೋರಾಡಿ ಬಳಲದೆ, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳವಿನಿಂದ ಹೊರಬಿದ್ದು ಆಮೇಲೆ ದಡ ಸೇರಬೇಕು. ಕಿಷ್ಕಿಂಧೆಯ ಸೀಮೆಯ ನಮ್ಮವನೇ ಆದ ಆಂಜನೇಯನು ಸಮುದ್ರವನ್ನು ಹಾರಿದನೆಂಬುದು ನಿಜವೇ. ಆದರೆ ಅವನೂ ಹಾರುವುದಕ್ಕೆ ಮುಂಚೆ ದಡದಲ್ಲಿ ಕುಳಿತು ಯೋಚಿಸಿದನು.

ದೋಣಿಯು ಬೇಡವೆಂದು ಇಬ್ಬರಲ್ಲಿ ಒಬ್ಬರಿಗೆ ತೋರಿದರೂ ಅದನ್ನು ಬಿಟ್ಟುಬಿಡಬೇಕು. ಆಗ ಆ ದಿನವನ್ನು ಗೋಕರ್ಣಕ್ಕೆ ಕೊಡಬಹುದು. ಅದು ಸುಮಾರು 60 ಕಿಲೋಮೀಟರು. ದಾರಿಯಲ್ಲಿ ಅಂಕೋಲಾ, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕಕ್ಕೆ ಮುಂದಾಳಾಗಿ ನಿಂತ ಊರು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಗದ್ದೆಯಲ್ಲಿ ಉಪ್ಪು ಬೆಳೆಯುವುದನ್ನು ಕಾಣಬಹುದು. ದಿನವೂ ಕೈಯಲ್ಲಿ ಹಿಡಿದು ಅಡಿಗೆಗೆ ಹಾಕುವ ಉಪ್ಪು ಹುಟ್ಟುವ ಜಾಗವನ್ನು ನೋಡುವುದರಲ್ಲಿ ಗೃಹಿಣಿಗೆ ಆಗುವ ಆಶ್ಚರ್ಯವು ಯಾವ ಕೋಟೆಯನ್ನು ಕಂಡಾಗಿನ ಆಶ್ಚರ್ಯಕ್ಕೂ ಕಡಮೆಯಲ್ಲ.

ಊಟದ ವಿಷಯದಲ್ಲಿಯೂ ಮೊದಲೇ ಮಾತಾಗಿರಬೇಕು. ರೊಟ್ಟಿಯ ಸೀಮೆಯವರಿಗೆ ಕುಚ್ಚಲಕ್ಕಿಯ ಅನ್ನವೂ ತೆಂಗಿನ ಕಾಯಿಯ ಸಾರೂ ಎರಡು ಹೊತ್ತಿಗೆ ಹೊಸತು, ಮೂರನೆಯ ಹೊತ್ತಿಗೆ ಬೇಸರ. ಮೀನು ತಿನ್ನುವವರಿಗೆ ಕಾರವಾರವು ಸ್ವರ್ಗ. ತಿನ್ನದವರು ಬಂದರಿನ ವಾಸನೆಗೆ ಮೂಗು ಮುಚ್ಚಿಕೊಳ್ಳದೆ, ಅದು ಆ ಊರಿನವರ ಅನ್ನದ ವಾಸನೆಯೆಂದು ತಿಳಿಯುವುದು ಸೌಜನ್ಯ. ಮುರುಗಲು ಹುಳಿಯ ಪಾನಕವನ್ನು ಇಬ್ಬರೂ ಕುಡಿಯಬಹುದು. ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಯಲ್ಲಿದ್ದರೆ ಯಾವ ಹೋಟಲಿನ ಹಂಗೂ ಇಲ್ಲ. ಆದರೆ ಈ ಬುತ್ತಿಯನ್ನು ಸಿದ್ಧಮಾಡುವ ಕೆಲಸವು ಆಕೆಯೊಬ್ಬಳ ತಲೆಯ ಮೇಲೆಯೇ ಬೀಳದಿರಲಿ. ಹೊರಡುವ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಒಲೆಯ ಮುಂದೆ ಕುಳಿತವಳಿಗೆ ಮಾರನೆಯ ದಿನ ಕಿಟಕಿಯ ಹೊರಗೆ ನೋಡಲು ಕಣ್ಣು ತೆರೆಯದು.

ಐದನೆಯ ದಿನದ ಕಾರ್ಯಕ್ರಮವು ಇದು: ಏನೂ ಇಲ್ಲ. ತಾವು ಸರಿಯಾಗಿಯೇ ಕೇಳಿದಿರಿ. ನಮ್ಮ ವಿದ್ಯಾವಂತರ ಪ್ರವಾಸಗಳಲ್ಲಿ ಅತ್ಯಂತ ದೊಡ್ಡ ದೋಷವೆಂದರೆ ನೋಡತಕ್ಕ ಸ್ಥಳಗಳ ಪಟ್ಟಿ. ಬೆಂಗಳೂರು ಮೈಸೂರುಗಳಿಂದ ಎರಡು ದಿನದ ಬಿಡುವಿಗೆ ಹೊರಟು, ಜೋಗವನ್ನೂ ಮುರುಡೇಶ್ವರವನ್ನೂ ಗೋಕರ್ಣವನ್ನೂ ಕಾರವಾರವನ್ನೂ ಮುಗಿಸಿ ಬಂದೆವೆಂದು ಹೇಳುವವರಿದ್ದಾರೆ. ಅವರು ಮುಗಿಸಿದ್ದು ಪೆಟ್ರೋಲನ್ನು. ಪಟ್ಟಿಯು ಸಾಮಾನ್ಯವಾಗಿ ಒಬ್ಬರ ಪಟ್ಟಿಯಾಗಿರುತ್ತದೆ; ಇನ್ನೊಬ್ಬರು ಅದರ ಹಿಂದೆ ಓಡುತ್ತಾರೆ. ಇದಕ್ಕೆ ನಾನು ಸೂಚಿಸುವ ಪರಿಹಾರವು ಸುಲಭವಾದುದು. ಹೊರಡುವ ಮುನ್ನ ಇಬ್ಬರೂ ಬೇರೆ ಬೇರೆ ಚೀಟಿಗಳಲ್ಲಿ ತಮಗೆ ಮುಖ್ಯವೆನಿಸಿದ ಎರಡೆರಡು ವಿಷಯಗಳನ್ನು ಬರೆಯಲಿ. ಆ ನಾಲ್ಕನ್ನು ಮಾತ್ರ ಖಂಡಿತವಾಗಿ ನಡೆಸಲಿ. ಉಳಿದದ್ದು ಆದರೆ ಆಯಿತು. ಉಪಾಧ್ಯಾಯರ ಚೀಟಿಯಲ್ಲಿ ಸದಾಶಿವಗಡವೂ ಯುದ್ಧನೌಕೆಯೂ ಇರುವುವೆಂದು ಊಹಿಸಬಹುದು. ಆಕೆಯ ಚೀಟಿಯಲ್ಲಿ ‘ಸಮುದ್ರದ ದಂಡೀಲಿ ಕುಂದ್ರೋದು’ ಎಂದು ಮಾತ್ರ ಇದ್ದರೆ, ಅದನ್ನು ಕಂಡು ‘ಇಷ್ಟೇನಾ?’ ಎನ್ನಬಾರದು. ಸುಮ್ಮನೆ ಕುಳಿತುಕೊಳ್ಳುವುದು ಯಾರಿಗೆ ಹದಿನೆಂಟು ವರ್ಷಗಳಿಂದ ದೊರೆತಿಲ್ಲವೋ ಅವರಿಗೆ ಅದೇ ಅತ್ಯಂತ ದುರ್ಲಭವಾದ ದೃಶ್ಯ.

ಆ ಮಧ್ಯಾಹ್ನ ಬೇಕಾದರೆ ಪೇಟೆಯಲ್ಲಿ ಒಂದು ಸುತ್ತು. ಕೊಂಕಣಿಯನ್ನು ಆಡುವ ಮೀನುಗಾರ ಹೆಂಗಸರು ತಮ್ಮ ಗಳಿಕೆಯನ್ನು ತಾವೇ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ಗುಡೇಕೋಟೆಯವಳು ನೋಡಲಿ. ಅವರು ಕನ್ನಡದಲ್ಲಿ ‘ಎಲ್ಲಿಂದ ಬಂದ್ರಿ?’ ಎಂದು ಕೇಳಿದರೆ ಹೇಳಲಿ: ಕಡಲಿಲ್ಲದ ಊರಿನಿಂದ. ಅವರಿಗೂ ಕರಡಿಗಳ ಗುಡ್ಡವೆಂದರೆ ಆಶ್ಚರ್ಯವೇ. ನಮ್ಮ ನಾಡು ಎಷ್ಟು ವಿಧವಾದುದೆಂಬುದು ಭೂಗೋಳದ ಪುಸ್ತಕಕ್ಕಿಂತ ಇಂತಹ ಎರಡು ಮಾತುಗಳಲ್ಲಿ ಚೆನ್ನಾಗಿ ತಿಳಿಯುವುದು. ರಾತ್ರಿಯ ಬಸ್ಸು ಹಿಡಿದರೆ ಮಾರನೆಯ ದಿನ ಊರು. ಒಂದು ದಿನ ಹೆಚ್ಚಿಗೆ ಸಿಕ್ಕಿದರೆ ಹಗಲಿನಲ್ಲಿಯೇ ಹೊರಟು, ಯಲ್ಲಾಪುರದಲ್ಲಿ ಇಳಿದು ಬೇಡ್ತಿಯು ಧುಮುಕುವ ಮಾಗೋಡನ್ನು ನೋಡಬಹುದು. ಹುಬ್ಬಳ್ಳಿ ಧಾರವಾಡಗಳ ಬಯಲಿನಲ್ಲಿ ಹುಟ್ಟಿದ ಆ ನೀರೇ ಕೆಳಗೆ ಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುವುದು. ಬಯಲುಸೀಮೆಯ ನೀರಿಗೂ ಕಡಲಿನ ದಾರಿ ಗೊತ್ತು.

ಶ್ರೋತೃಗಳೇ, ಗುಡೇಕೋಟೆಯ ಉದಾಹರಣೆಯನ್ನು ನಾನು ಆರಿಸಿಕೊಂಡದ್ದು ಅಲ್ಲಿಯವರಿಗೆ ಉಪದೇಶಿಸಬೇಕೆಂದಲ್ಲ. ತಮ್ಮಂತಹ ನಗರವಾಸಿಗಳಿಗೆ ಕಾರು ಉಂಟು, ರಜೆ ಉಂಟು, ಸಮುದ್ರವು ಎಷ್ಟೋ ಬಾರಿ ನೋಡಿದ ಪದಾರ್ಥ. ಹಾಗಿದ್ದರೂ ಕಳೆದ ಪ್ರವಾಸದಲ್ಲಿ ಯಾವ ಊರಿಗೆ ಹೋಗಬೇಕೆಂದು ಗೊತ್ತುಮಾಡಿದವರು ಯಾರು, ಎಷ್ಟು ಗಂಟೆಗೆ ಏಳಬೇಕೆಂದು ಹೇಳಿದವರು ಯಾರು, ಪೆಟ್ಟಿಗೆಯನ್ನು ಕಟ್ಟಿದವರು ಯಾರು ಎಂದು ಈ ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರನ್ನು ಕೇಳಿ ನೋಡಬಹುದು. ಉತ್ತರಗಳೆಲ್ಲ ಒಂದೇ ಹೆಸರಿಗೆ ಬಂದರೆ, ಅಥವಾ ಮೊದಲಿನ ಎರಡಕ್ಕೆ ಒಂದು ಹೆಸರೂ ಮೂರನೆಯದಕ್ಕೆ ಇನ್ನೊಂದು ಹೆಸರೂ ಬಂದರೆ, ಮುಂದಿನ ಪ್ರವಾಸಕ್ಕೆ ಎರಡು ಚೀಟಿಗಳನ್ನು ಈಗಿನಿಂದಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಚೀಟಿಯನ್ನು ಬರೆಯಲು ಕೊಟ್ಟ ಮೇಲೆ ತುಸು ಕಾಯಬೇಕಾದೀತು. ಬಹುಕಾಲದಿಂದ ಯಾರೂ ಕೇಳದ ಪ್ರಶ್ನೆಗೆ ಉತ್ತರವು ಕೂಡಲೆ ಹೊಳೆಯುವುದಿಲ್ಲ.